ಅಯ್ಯನೋರಿಗೊಂದು ಪ್ರಶ್ನೆ: ಎಲ್ಲರೂ ಮುನಿಸಿಕೊಂಡಾಗ ಸಭೆ ನಡೆಸೋದು ಹೇಗೆ?

ಹೋದ ತಿಂಗಳ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಸಭೆ, ಅಂದ್ರೆ ಚರ್ಚಿನ ಜನ, ಅಳುವಾಗ ಸಭಾಪಾಲಕ (ಪಾಸ್ಟರ್) ಪಕ್ಕದಲ್ಲೇ ಕೂತಿರಬೇಕು, ಆದ್ರೆ ಸ್ಟೀರಿಂಗನ್ನ ಅಳುವಿನ ಕೈಗೆ ಕೊಡಬಾರದು ಅಂತ. ಆ ಮಾತಿಗೆ ಬಂದಷ್ಟು ಪತ್ರ, ವಾಟ್ಸಾಪ್ ಮೆಸೇಜು ಈಚೆಗೆ ಬೇರೆ ಯಾವುದಕ್ಕೂ ಬಂದಿಲ್ಲ. ಕೆಲವರು ಒಪ್ಪಿದಾರೆ, ಕೆಲವರಿಗೆ ಸಿಟ್ಟು ಬಂದಿದೆ, ಸಿಟ್ಟು ಬಂದವರ ಪತ್ರಾನೂ ಇಲ್ಲೇ ಹಾಕಿದೀನಿ. ಹೆಸರು, ಊರು ಯಾರದ್ದೂ ಇಲ್ಲ.

ಪ್ರಶ್ನೆ: ಅಯ್ಯನೋರೇ, ಕರ್ತನ ನಾಮದಲ್ಲಿ ವಂದನೆ. ಮಲೆನಾಡಿನ ಒಂದು ಸಣ್ಣ ಸಭೆಗೆ ಸಭಾಪಾಲಕನಾಗಿ ಬಂದು ಎರಡು ವರ್ಷ ಆಯ್ತು. ನಮ್ಮ ಚರ್ಚಿಗೆ ಸೇರಿದ ಒಂದು ಹಾಲ್ ಇದೆ, ಮದುವೆ ನಿಶ್ಚಿತಾರ್ಥಕ್ಕೆಲ್ಲ ಬಾಡಿಗೆಗೆ ಕೊಡ್ತೀವಿ. ಅದರ ಬೀಗದ ಕೈ, ಬಾಡಿಗೆ ವಸೂಲಿ ಎಲ್ಲ ಬಹಳ ವರ್ಷದಿಂದ ಒಬ್ಬ ಹಿರಿಯರ ಕೈಲೇ ಇತ್ತು, ರಸೀದಿ ಪುಸ್ತಕ ಅನ್ನೋದೇ ಇರ್ಲಿಲ್ಲ. ಅವರು ದುಡ್ಡು ತಿಂದಿದಾರೆ ಅಂತ ನಾನೂ ಹೇಳ್ತಿಲ್ಲ, ಬೇರೆ ಯಾರೂ ಹೇಳ್ತಿಲ್ಲ. ಇನ್ಮೇಲೆ ರಸೀದಿ ಹರೀಬೇಕು, ವರ್ಷಕ್ಕೊಮ್ಮೆ ಆಡಿಟ್ ಆಗ್ಬೇಕು ಅಂತ ಸಭೆಯ ಆಡಳಿತ ನೋಡೋ ಪಾಸ್ಟರೇಟ್ ಕಮಿಟೀಲಿ ಎಲ್ಲರೂ ಕೈ ಎತ್ತಿ ಒಪ್ಪಿದ್ರು. ಮುಂದಿನ ಭಾನುವಾರ ಆರಾಧನೆ ಮುಗಿದ ಕೂಡ್ಲೇ ಆ ಹಿರಿಯರು ಬಾಗಿಲ ಹತ್ರ ನಿಂತು, ಇಷ್ಟು ವರ್ಷ ದುಡಿದವನನ್ನ ಕಳ್ಳ ಮಾಡಿಬಿಟ್ರಲ್ಲ ಅಂತ ಎಲ್ಲರೆದುರು ಅತ್ತುಬಿಟ್ರು. ಅವತ್ತಿಂದ ಅವರ ಮನೆಯವರು ಚರ್ಚಿಗೆ ಬರ್ತಿಲ್ಲ, ಅವರ ಸೊಸೆ ಇಲ್ದೆ ಕ್ವಾಯರ್ ಸೊರಗಿದೆ, ರಾತ್ರಿ ಹನ್ನೊಂದು ಗಂಟೆಗೆ ವಾಯ್ಸ್ ಮೆಸೇಜ್ ಬರ್ತವೆ. ಕೈ ಎತ್ತಿದ ಕಮಿಟಿಯವರೇ ಈಗ, ಈ ವರ್ಷ ಬಿಟ್ಬಿಡಿ ಅಯ್ಯನೋರೇ, ಸಮಾಧಾನ ಮುಖ್ಯ ಅಂತಾರೆ. ಸಮಾಧಾನಪಡಿಸೋರು ಧನ್ಯರು ಅಂತ ಯೇಸುವೇ ಹೇಳಿದಾರಲ್ವಾ? ಹಿಂದೆ ಸರಿದುಬಿಡ್ಲಾ?

ಉತ್ತರ: ಸರೀಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಬೈಬಲ್ಲಿನ ವಿಮೋಚನಕಾಂಡ 32ನೇ ಅಧ್ಯಾಯ ಇನ್ನೊಂದ್ಸಲ ಓದಿ, ಈ ಸಲ ಮೋಶೇನ ಬಿಟ್ಟು ಅವನ ಅಣ್ಣ ಆರೋನನನ್ನ ನೋಡ್ತಾ ಓದಿ. ಮೋಶೆ ಬೆಟ್ಟ ಹತ್ತಿ ನಲವತ್ತು ದಿನ, ಸುದ್ದಿ ಇಲ್ಲ, ಜನಕ್ಕೆ ಭಯ ಹಿಡಿದಿದೆ, ಎಲ್ಲ ಒಟ್ಟಾಗಿ ಬಂದು ಆರೋನನ ಸುತ್ತ ನಿಂತಿದಾರೆ. ಆರೋನ ದುಷ್ಟ ಅಲ್ಲ, ಜನರ ಕಷ್ಟ ನೋಡಕ್ಕಾಗದ ಮೆದು ಮನುಷ್ಯ. ಕಿವಿಯ ಓಲೆ ಬಿಚ್ಚಿ ಕೊಡಿ ಅಂದ, ಪೂಜೆಗೆ ಬಂಗಾರದ ಕರು ಮಾಡಿಕೊಟ್ಟ, ಆಮೇಲೆ ನಾಳೆ ಯೆಹೋವನಿಗೆ ಹಬ್ಬ ಅಂತ ಡಂಗುರಾನೂ ಸಾರಿಸಿದ. ಅಂದ್ರೆ ದೇವರನ್ನೂ ಬಿಟ್ಟಿಲ್ಲ, ಜನಾನೂ ಬಿಟ್ಟಿಲ್ಲ, ಎಲ್ಲರನ್ನೂ ಖುಷಿಯಾಗಿ ಇಟ್ಕೊಂಡಿದೀನಿ ಅಂತ ಅವನ ಲೆಕ್ಕ. ಮೋಶೆ ಬಂದು ಕೇಳಿದ್ರೆ ಏನಂದ? ಅವರು ಬಂಗಾರ ಕೊಟ್ರು, ನಾನು ಬೆಂಕಿಗೆ ಹಾಕ್ದೆ, ಈ ಕರು ಹೊರಗೆ ಬಂತು ಅಂದ! ಅವತ್ತು ಪಾಳೆಯದಲ್ಲಿ ಹಾಡು ಕುಣಿತ ಎಲ್ಲ ಇತ್ತು, ಯಾರೂ ಯಾರ ಮೇಲೂ ಮುನಿಸಿಕೊಂಡಿರ್ಲಿಲ್ಲ, ಹೊರಗಿಂದ ನೋಡಿದವರು ಎಂಥ ಒಗ್ಗಟ್ಟು ಅಂತಿದ್ರು. ನಿಮ್ಮ ಕಮಿಟಿಯವರು ಕೇಳ್ತಿರೋ ಸಮಾಧಾನ ಈ ಜಾತಿದು. ಗಲಾಟೆ ನಿಂತ್ರೆ ಸಾಕು ಅನ್ನೋದು.

ಇನ್ನು ರಸೀದಿ ವಿಷಯ. ಯೆರೂಸಲೇಮಿನ ಬಡವರಿಗೆ ಕಾಣಿಕೆ ಒಯ್ಯೋವಾಗ ಪೌಲ ಒಬ್ಬನೇ ಹೋಗಲ್ಲ. ತನ್ನ ಜೊತೆ ಕೆಲಸಗಾರ ತೀತನ ಜೊತೆ ಸಭೆಗಳೇ ಆರಿಸಿದ ಸಹೋದರನೂ ಇರ್ಲಿ ಅಂತಾನೆ, ಇಷ್ಟು ದೊಡ್ಡ ಕಾಣಿಕೆ ವಿಷಯದಲ್ಲಿ ನಮ್ಮ ಮೇಲೆ ಯಾರೂ ತಪ್ಪು ಹೊರಿಸಬಾರದು, ಕರ್ತನ ಮುಂದೆ ಮಾತ್ರ ಅಲ್ಲ, ಮನುಷ್ಯರ ಮುಂದೇನೂ ಸರಿಯಾಗಿರ್ಬೇಕು ಅನ್ನೋದು ಅವನ ಮಾತು, ಎರಡನೇ ಕೊರಿಂಥ 8ನೇ ಅಧ್ಯಾಯದಲ್ಲಿದೆ. ಪೌಲನನ್ನ ಕಳ್ಳ ಅಂದವರು ಯಾರು? ಲೆಕ್ಕ ಇಡೋದು ದುಡ್ಡು ಮುಟ್ಟುವವನ ಮಾನ ಕಾಯೋಕೆ. ನಿಮ್ಮ ಹಿರಿಯರಿಗೆ ಇದನ್ನ ಮನಸ್ಸಿಗೆ ನಾಟೋ ಹಾಗೆ ಹೇಳ್ಬೇಕು, ಅದೂ ಅವರ ಮನೇಲೇ ಕೂತು ಹೇಳ್ಬೇಕು.

ಹಾಗಾಗಿ ಮೊದಲ ಕೆಲಸ, ಅವರ ಮನೆಗೆ ಹೋಗಿ. ಲೆಕ್ಕದ ಪುಸ್ತಕ ತಗೊಂಡು ಹೋಗ್ಬೇಡಿ, ಕಮಿಟಿಯವರನ್ನೂ ಕರ್ಕೊಂಡು ಹೋಗ್ಬೇಡಿ. ಕಾಫಿ ಕೊಟ್ರೆ ಕುಡೀರಿ, ಕೊಡದೇ ಇದ್ರೂ ಕೂತಿರಿ. ಆ ಹಾಲ್ ಕಟ್ಟುವಾಗ ಅವರು ಏನೇನು ಮಾಡಿದ್ರು ಅಂತ ಕೇಳಿ, ಖಂಡಿತ ಏನೋ ಮಾಡಿರ್ತಾರೆ, ಇಟ್ಟಿಗೆ ಹೊತ್ತಿರಬಹುದು, ಸ್ವಂತ ಜೇಬಿಂದ ಸಿಮೆಂಟ್ ತರಿಸಿರಬಹುದು, ಅದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳಿರಲ್ಲ. ಪೂರ್ತಿ ಕೇಳಿಸ್ಕೊಳ್ಳಿ. ಏಳುವಾಗ ಮಾತ್ರ, ನಿಮಗೆ ನೋವಾಗಿದೆ ಅಂತ ನಂಗೆ ಗೊತ್ತು, ಆಡಿಟ್ ಮಾತ್ರ ಆಗತ್ತೆ, ಮುಂದಿನ ವಾರ ಮತ್ತೆ ಬರ್ತೀನಿ ಅಂತ ಒಂದೇ ಸಲ ಹೇಳಿ, ದನಿ ಏರಿಸ್ದೆ. ಕಾರಣ ಮತ್ತೆ ಮತ್ತೆ ವಿವರಿಸ್ಬೇಡಿ. ನೀವು ಹತ್ತು ಕಾರಣ ಕೊಟ್ರೆ ಅವರು ಹತ್ತಕ್ಕೂ ಉತ್ತರ ಹುಡುಕ್ತಾರೆ, ಅಲ್ಲಿಗೆ ಅದು ವಾದ ಆಯ್ತು, ಭೇಟಿ ಆಗ್ಲಿಲ್ಲ. ಮುಂದಿನ ವಾರ ಬರ್ತೀನಿ ಅಂದಮೇಲೆ ಮಳೆ ಬಂದ್ರೂ ಹೋಗಿ. ನಿರ್ಧಾರಕ್ಕೆ ಅಂಟಿಕೊಂಡು ಮನುಷ್ಯನನ್ನ ಬಿಟ್ರೆ ಅದು ಹಟ. ಮನುಷ್ಯನನ್ನ ಹಿಡ್ಕೊಂಡು ನಿರ್ಧಾರ ಬಿಟ್ರೆ ಅದು ಆರೋನ ಮಾಡಿದ್ದು. ನಿಮ್ಮ ಕೆಲಸ ಎರಡನ್ನೂ ಹಿಡ್ಕೊಂಡು ನಿಲ್ಲೋದು, ಕಷ್ಟ ಅಂತ ನಂಗೂ ಗೊತ್ತು.

ಇನ್ನೊಂದು ವಿಷಯ, ಪರಿಸ್ಥಿತಿ ಸರಿ ಹೋಗೋ ಮುಂಚೆ ಇನ್ನಷ್ಟು ಕೆಡತ್ತೆ. ಆಗ ಗಾಬರಿ ಆಗ್ಬೇಡಿ. ಐಗುಪ್ತದ ಬಿಟ್ಟಿ ಚಾಕರಿಯಿಂದ ಬಿಡಿಸ್ಕೊಂಡು ಬಂದ ಜನ ಮರುಭೂಮೀಲಿ ಅತ್ತಿದ್ದು ಯಾವುದಕ್ಕೆ, ಅಲ್ಲಿ ತಿಂದ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನಪಾಗಿ, ಅರಣ್ಯಕಾಂಡ 11 ನೋಡಿ. ಹಳೇ ವ್ಯವಸ್ಥೆ ಎಷ್ಟು ಕೆಟ್ಟದಿದ್ರೂ ಅಭ್ಯಾಸ ಆಗಿರತ್ತಲ್ಲ, ಅದನ್ನ ಕದಲಿಸಿದ್ರೆ ಕೂಗು ಏಳೋದು ಸಹಜ, ಕೂಗು ಎದ್ದಿದೆ ಅಂದಮಾತ್ರಕ್ಕೆ ನಿರ್ಧಾರ ತಪ್ಪು ಅಂತ ಆಗಲ್ಲ. ಅದೇ ಅಧ್ಯಾಯದಲ್ಲಿ ಮೋಶೆಗೂ ಸಾಕಾಗಿ, ಇವರನ್ನೆಲ್ಲ ನಾನು ಹೆತ್ತಿದೀನಾ, ಇದಕ್ಕಿಂತ ನನ್ನನ್ನ ಕೊಂದುಬಿಡು ಅಂತ ದೇವರನ್ನೇ ಕೇಳ್ತಾನೆ. ದೇವರು ಬೈಯಲ್ಲ, ಎಪ್ಪತ್ತು ಮಂದಿ ಹಿರಿಯರನ್ನ ಜೊತೆಗೆ ಕೊಡ್ತಾರೆ. ನೀವೂ ಒಬ್ಬರೇ ಹೊರಬೇಡಿ. ಕಮಿಟಿಯವರು ಹಿಂದೆ ಸರೀಬೇಕು ಅಂದ್ರೆ, ಹಾಗಾದ್ರೆ ನಿರ್ಣಯ ರದ್ದು ಮಾಡಿದೀವಿ ಅಂತ ಮಿನಿಟ್ಸ್ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಅನ್ನಿ, ಬೆದರಿಕೆ ಥರ ಅಲ್ಲ, ಸಮಾಧಾನವಾಗಿ. ಬಹಳಷ್ಟು ಜನ ಸಹಿ ಹಾಕಲ್ಲ. ಬಾಯಲ್ಲಿ ಬಿಡಿ ಅನ್ನೋದು ಸುಲಭ. ಆಮೇಲೆ ರಾತ್ರಿ ಒಂಬತ್ತಾದ್ರೆ ಫೋನು ಅಡುಗೆಮನೇಲಿಟ್ಟು ಮಲಗಿ, ಸಾವು ನೋವು ಆದ್ರೆ ಲ್ಯಾಂಡ್‌ಲೈನಿಗೋ ಕಮಿಟಿ ಸೆಕ್ರೆಟರಿಗೋ ಮಾಡ್ತಾರೆ, ಹನ್ನೊಂದು ಗಂಟೆಯ ವಾಯ್ಸ್ ಮೆಸೇಜನ್ನ ಬೆಳಿಗ್ಗೆ ಪ್ರಾರ್ಥನೆ ಮಾಡಿ ಕೇಳಿದ್ರೂ ಏನೂ ಆಗಲ್ಲ.

ಪ್ರಶ್ನೆ: ನಾನೊಬ್ಬ ಸಭಾಪಾಲಕರ ಹೆಂಡತಿ ಅಯ್ಯನೋರೇ. ಯಜಮಾನರಿಗೆ ಹೇಳಕ್ಕಾಗದ್ದನ್ನೆಲ್ಲ ಎಲ್ಲರೂ ನಂಗೆ ಹೇಳ್ತಾರೆ. ಅಮ್ಮಾ ನೀವೇ ಸ್ವಲ್ಪ ಹೇಳಿ ಅಂತಾರೆ. ಮಹಿಳಾ ಕೂಟದಲ್ಲಿ ಇಬ್ಬರಿಗೆ ಮಾತಿಲ್ಲ, ಇಬ್ಬರೂ ನನ್ನ ಹತ್ರಾನೇ ಬಂದು ಅವರ ಮೇಲೆ ಇವರು, ಇವರ ಮೇಲೆ ಅವರು. ತಲೆ ಸಿಡಿಯತ್ತೆ. ಕೇಳಿಸ್ಕೊಳ್ಳಲ್ಲ ಅಂದ್ರೆ ಅಹಂಕಾರ ಅಂತಾರೆ.

ಉತ್ತರ: ಅಮ್ಮಾ, ಯೇಸು ಬೇಥಾನ್ಯದ ಮನೆಗೆ ಬಂದಾಗ ಉಪಚಾರದ ಕೆಲಸವೆಲ್ಲ ಒಬ್ಬಳ ಮೇಲೇ ಬಿದ್ದು ಮಾರ್ಥಾಳಿಗೆ ಸಿಟ್ಟು ಬಂದಿದ್ದು ಸಹೋದರಿ ಮರಿಯಳ ಮೇಲೆ. ಮರಿಯ ಅಲ್ಲೇ ಕೂತಿದ್ಲು, ನಾಲ್ಕು ಹೆಜ್ಜೆ ದೂರ. ಆದ್ರೆ ಮಾರ್ಥಾ ಹೋಗಿ ಯೇಸುವಿಗೆ, ನಂಗೆ ಸಹಾಯ ಮಾಡು ಅಂತ ಅವಳಿಗೆ ಹೇಳು ಸ್ವಾಮಿ ಅಂದ್ಲು. ಯೇಸು ಹೇಳಿದ್ರಾ? ಇಲ್ಲ. ಮಾರ್ಥಾ, ಮಾರ್ಥಾ ಅಂತ ಎರಡು ಸಲ ಪ್ರೀತಿಯಿಂದ ಹೆಸರು ಹಿಡಿದು ಕರೆದು, ಅವಳ ಚಿಂತೆ ಬಗ್ಗೆನೇ ಅವಳ ಹತ್ರ ಮಾತಾಡಿದ್ರು. ಆಸ್ತಿ ಪಾಲು ಮಾಡೋಕೆ ನಮ್ಮಣ್ಣನಿಗೆ ಹೇಳು ಗುರುವೇ ಅಂತ ಬಂದವನಿಗೂ ಹಾಗೇ, ನಿಮ್ಮಿಬ್ಬರ ನಡುವೆ ನನ್ನನ್ನ ಪಂಚಾಯ್ತಿಗೆ ನೇಮಿಸಿದ್ಯಾರು ಅಂತ ಕೇಳಿದ್ರು. ನೀವೂ ಹಾಗೇ ಮಾಡಿ. ನಿಮಗೆಷ್ಟು ಬೇಜಾರಾಗಿದೆ ಅಂತ ಗೊತ್ತಾಗತ್ತೆ ಅಕ್ಕಾ, ಅವರ ಹತ್ರಾನೇ ಹೇಳಿ, ಒಬ್ರೇ ಹೋಗಕ್ಕೆ ಕಷ್ಟ ಆದ್ರೆ ನಾನೂ ಬರ್ತೀನಿ, ಸುಮ್ನೆ ಕೂತಿರ್ತೀನಿ ಅನ್ನಿ. ಮತ್ತಾಯ 18 ಹೇಳೋದೂ ಇದೇ ತಾನೇ, ಮೊದಲು ನೀನೂ ಅವನೂ ಇಬ್ಬರೇ ಇರುವಾಗ ಮಾತಾಡು ಅಂತ. ಒಂದೆರಡು ತಿಂಗಳು ಅಹಂಕಾರಿ ಅಂತಾರೆ, ಅನ್ಲಿ. ಯಜಮಾನರ ಮೇಲಿನ ದೂರಂತೂ ಒಂದನ್ನೂ ನೀವು ದಾಟಿಸಬೇಡಿ, ನಿಮ್ಮ ಮನೆ ಊಟದ ಹೊತ್ತು ನಿಮ್ಮದಾಗಿರ್ಲಿ.

ಪ್ರಶ್ನೆ: ನಾನು ಕರಾವಳಿಯವ, ಯೌವನಸ್ಥರ ಕೂಟದ ಜವಾಬ್ದಾರಿ ನನಗುಂಟು. 2008ರ ಸೆಪ್ಟೆಂಬರಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆದಾಗ ನಾನು ಸಣ್ಣವ, ಮನೆಯಲ್ಲಿ ದೊಡ್ಡವರ ಮುಖ ನೋಡಿದ್ದು ಈಗಲೂ ನೆನಪುಂಟು. ಈಗ ವಾಟ್ಸಾಪಲ್ಲಿ ಒಂದು ವಿಡಿಯೋ ಬಂದ್ರೆ ಸಾಕು, ನಿಜವಾ ಸುಳ್ಳಾ ನೋಡುವುದಿಲ್ಲ, ಹುಡುಗರು ಬೈಕ್ ಹತ್ತಿ ಹೊರಡುವ ಅಂತ ನಿಲ್ತಾರೆ. ಬೇಡ ಅಂದ್ರೆ ನೀನು ಹೆದರುಪುಕ್ಕಲ ಅಂತ ಹೇಳ್ತಾರೆ. ಏನು ಮಾಡುವುದು?

ಉತ್ತರ: ತಮ್ಮಾ, ನಿನಗೆ ಒಂದು ರಾತ್ರಿಯ ಕತೆ ಹೇಳ್ತೀನಿ. 1956ರ ಜನವರಿ 30. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರು. ಬಸ್ಸಲ್ಲಿ ಕರಿಯರಿಗೆ ಹಿಂದಿನ ಸೀಟು, ಬಿಳಿಯರು ಬಂದ್ರೆ ಎದ್ದು ಬಿಟ್ಟುಕೊಡಬೇಕು ಅನ್ನೋ ಪದ್ಧತಿ ವಿರುದ್ಧ ಅಲ್ಲಿನ ಕರಿಯರು ಹಿಂದಿನ ಡಿಸೆಂಬರ್ 5ರಿಂದ ಬಸ್ ಹತ್ತೋದೇ ಬಿಟ್ಟಿದ್ರು. ಮುಂದಾಳು ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ಮಾರ್ಟಿನ್ ಲೂಥರ್ ಕಿಂಗ್, ವಯಸ್ಸು 27, ಹೆಚ್ಚುಕಮ್ಮಿ ನಿನ್ನದೇ ವಯಸ್ಸಿರಬಹುದು. ಅವತ್ತು ರಾತ್ರಿ ಅವರು ಬೇರೆ ಚರ್ಚಲ್ಲಿ ಮೀಟಿಂಗಲ್ಲಿದ್ದಾಗ ಅವರ ಮನೆ ಜಗಲಿಗೆ ಬಾಂಬ್ ಬಿತ್ತು. ಒಳಗೆ ಹೆಂಡತಿ ಕೊರೆಟ್ಟಾ, ಮೂರು ತಿಂಗಳೂ ತುಂಬದ ಮಗಳು. ಓಡಿ ಬಂದ್ರು. ಮೊದಲು ಒಳಗೆ ಹೋಗಿ ಹೆಂಡತಿ ಮಗು ಇಬ್ಬರೂ ಸುರಕ್ಷಿತ ಅಂತ ಕಣ್ಣಾರೆ ನೋಡಿದ್ರು. ಹೊರಗೆ ನೂರಾರು ಜನ ಸೇರಿದಾರೆ, ಕೆಲವರ ಕೈಲಿ ಆಯುಧ, ಮೇಯರ್ರೂ ಪೊಲೀಸ್ ಕಮಿಷನರ್ರೂ ಅಲ್ಲೇ ನಿಂತಿದಾರೆ, ಜನ ಅವರ ಮೇಲೆ ಬೀಳೋಕೆ ಒಂದು ಕಲ್ಲು ಸಾಕಿತ್ತು. ಕಿಂಗ್ ಆ ಒಡೆದ ಜಗಲಿ ಮೇಲೇ ನಿಂತು, ನಾವೆಲ್ಲ ಚೆನ್ನಾಗಿದೀವಿ, ಆಯುಧ ತಂದಿದ್ರೆ ಮನೆಗೆ ತಗೊಂಡು ಹೋಗಿ, ಶತ್ರುವನ್ನೂ ಪ್ರೀತಿಸಬೇಕು, ನಾನಿಲ್ಲದೇ ಹೋದ್ರೂ ಈ ಕೆಲಸ ನಿಲ್ಲಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಜನ ಚದುರಿದ್ರು. ಬಸ್ ಬಹಿಷ್ಕಾರ ಮಾತ್ರ ಒಂದು ದಿನವೂ ನಿಲ್ಲಲಿಲ್ಲ, ಒಟ್ಟು 381 ದಿನ ನಡೀತು, ಗೆದ್ದರು ಕೂಡ.

ಇದರಲ್ಲಿ ಹೆದರುಪುಕ್ಕಲತನ ಎಲ್ಲಿದೆ ಹೇಳು. ಜನರ ಸಿಟ್ಟು ತಪ್ಪು ಅಂತ ಅವರು ಅನ್ನಲೇ ಇಲ್ಲ, ಬಾಂಬ್ ಬಿದ್ದಿದ್ದು ಅವರ ಮನೆಗೇ. ಸಿಟ್ಟು ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಮಾತ್ರ ಗುಂಪಿಗೆ ಬಿಡ್ಲಿಲ್ಲ.

ಆ ಗಟ್ಟಿತನ ಆ ಜಗಲಿ ಮೇಲೆ ಹುಟ್ಟಿದ್ದಲ್ಲ ಅನ್ನೋದನ್ನೂ ತಿಳ್ಕೋ. ಬಾಂಬ್ ಬೀಳೋಕೆ ಕೆಲವೇ ದಿನ ಮುಂಚೆ ನಡುರಾತ್ರಿ ಬೆದರಿಕೆ ಫೋನ್ ಬಂದು ನಿದ್ದೆ ಹೋಗಿ, ಅಡುಗೆಮನೇಲಿ ಕಾಫಿ ಮಾಡ್ಕೊಂಡು ಟೇಬಲ್ ಮುಂದೆ ಒಬ್ಬರೇ ಕೂತು, ನನ್ನ ಶಕ್ತಿ ಮುಗೀತು ಕರ್ತನೇ, ಒಬ್ಬನೇ ಎದುರಿಸಕ್ಕಾಗಲ್ಲ ಅಂತ ಪ್ರಾರ್ಥಿಸಿದ್ರು ಅಂತ ಅವರೇ ಆಮೇಲೆ ಹೇಳ್ಕೊಂಡಿದಾರೆ. ಚಿಕ್ಲಗ್ ಊರು ಸುಟ್ಟು ಹೆಂಡತಿ ಮಕ್ಕಳೆಲ್ಲ ಸೆರೆ ಹೋದಾಗ ಸ್ವಂತ ಜನಾನೇ ದಾವೀದನಿಗೆ ಕಲ್ಲು ಹೊಡೀಬೇಕು ಅಂದ್ರಲ್ಲ, ಅವನೂ ಮೊದಲು ತನ್ನ ದೇವರಲ್ಲಿ ಬಲ ತಂದ್ಕೊಂಡ, ಆಮೇಲೆ ಮುಂದೇನು ಅಂತ ಕೇಳಿದ. ಕಿಂಗ್ ಆಗ ಇನ್ನೂ ಪೂರ್ತಿ ಅಹಿಂಸಾವಾದಿಯೂ ಆಗಿರ್ಲಿಲ್ಲ, ಬಾಂಬ್ ಬಿದ್ದ ಮೇಲೆ ಗನ್ ಲೈಸೆನ್ಸಿಗೆ ಅರ್ಜಿ ಹಾಕಿದ್ರು, ಸಿಗಲಿಲ್ಲ. ಮನುಷ್ಯ ಪರಿಪೂರ್ಣ ಆದ್ಮೇಲೆ ನಾಯಕ ಆಗೋದು ಅಂತ ಕಾಯ್ತಾ ಕೂತ್ಕೋಬೇಡ ಅಂತ ಇದನ್ನ ಹೇಳಿದೆ.

ಸ್ವಂತ ಜನರನ್ನೇ ಎದುರಿಸೋದಕ್ಕೆ ಇನ್ನೂ ಜಾಸ್ತಿ ಧೈರ್ಯ ಬೇಕು. 1985ರ ಜುಲೈಯಲ್ಲಿ ದಕ್ಷಿಣ ಆಫ್ರಿಕಾದ ಡುಡುಜಾ ಅನ್ನೋ ಊರಲ್ಲಿ ಒಂದು ಶವಸಂಸ್ಕಾರ, ಪೊಲೀಸರ ಮಾಹಿತಿದಾರ ಅಂತ ಅನುಮಾನ ಬಂದ ಒಬ್ಬನನ್ನ ಜನ ಹಿಡಿದು ಸುಡೋಕೆ ಹೊರಟ್ರು. ಬಿಷಪ್ ಡೆಸ್ಮಂಡ್ ಟುಟು ಗುಂಪಿನೊಳಗೆ ನುಗ್ಗಿ ಅವನನ್ನ ಬಿಡಿಸಿದ್ರು. ಅದೇ ತಿಂಗಳು ಅದೇ ಊರಲ್ಲಿ ಇನ್ನೊಬ್ಬ ಹೆಣ್ಣುಮಗಳನ್ನ ಜನ ಸುಟ್ಟು ಕೊಂದೇಬಿಟ್ರು, ಆಗ ಟುಟು, ಹೀಗೇ ಮಾಡೋದಾದ್ರೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಈ ದೇಶ ಬಿಟ್ಟು ಹೋಗ್ತೀನಿ ಅಂತ ತನ್ನ ಜನರ ಮುಖಕ್ಕೇ ಹೇಳಿದ್ರು. ವರ್ಣಭೇದದ ವಿರುದ್ಧದ ಹೋರಾಟಕ್ಕೆ ಹಿಂದಿನ ವರ್ಷವಷ್ಟೇ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದ ಮನುಷ್ಯ, ಅವರನ್ನ ಸರ್ಕಾರದ ಕಡೆಯವನು ಅನ್ನೋಕೆ ಯಾರಿಗೂ ಬಾಯಿ ಇರ್ಲಿಲ್ಲ. ನೀನೂ ಅಷ್ಟೇ, ಹುಡುಗರ ಕಷ್ಟ ಸುಖಕ್ಕೆ ವರ್ಷಪೂರ್ತಿ ಜೊತೆ ಇದ್ರೆ ಬಿಸಿ ಏರಿದ ದಿನ ನಿನ್ನ ಬೇಡ ಅನ್ನೋ ಮಾತಿಗೆ ತೂಕ ಬರತ್ತೆ. ಅವತ್ತು ಬೈಕಿನ ಮುಂದೆ ನಿಂತು ಭಾಷಣ ಮಾಡೋಕೆ ಹೋಗ್ಬೇಡ, ಒಂದೊಂದು ಕೆಲಸ ಹಂಚು. ಒಬ್ಬ ಆ ಊರಿನ ಸಭಾಪಾಲಕರಿಗೆ ಫೋನ್ ಮಾಡಿ ನಿಜವಾ ಅಂತ ಕೇಳ್ಲಿ, ಇನ್ನೊಬ್ಬ ವಕೀಲರನ್ನ ವಿಚಾರಿಸ್ಲಿ, ನಿಜ ಆಗಿದ್ರೆ ಪೊಲೀಸ್ ಸ್ಟೇಷನ್ನಿಗೆ ದೂರು ಬರೆದು ಕೊಟ್ಟು ಹಿಂಬರಹ ತಗೊಂಡು ಬನ್ನಿ. ಕೈಗೆ ಕೆಲಸ ಸಿಕ್ಕಿದ ಹುಡುಗ ಅರ್ಧ ತಣ್ಣಗಾಗ್ತಾನೆ.

ಪ್ರಶ್ನೆ: ಅಯ್ಯನವರ, ಸ್ಟೀರಿಂಗ್ ಕೊಡಬ್ಯಾಡ್ರಿ ಅಂತ ನೀವು ಬರದದ್ದು ಓದಿ ಭಾಳ ಸಿಟ್ಟು ಬಂತು. ನಾ ಧಾರವಾಡ ಕಡೆ ಒಬ್ಬ ಟೀಚರ್. ನಮ್ಮ ಸಭೆಯೊಳಗ ಒಬ್ಬ ಹೆಣ್ಣುಮಗಳು ಒಬ್ಬ ಹಿರಿಯರ ನಡವಳಿಕಿ ಸರಿ ಇಲ್ಲ ಅಂತ ದೂರು ಕೊಟ್ಟಳು. ಆಕಿ ಅತ್ತಳು. ಭಾವನಾದಾಗ ಮಾತಾಡಬ್ಯಾಡವಾ, ಸಭೆ ಒಡೀತದ ಅಂತ ಹೇಳಿ ಕಳಿಸಿದ್ರು. ನಿಮ್ಮಂಥವರು ಹಿಂಗ ಬರದ್ರ ಅಂಥವರಿಗೆ ಅನುಕೂಲ ಅಲ್ಲೇನ್ರಿ?

ಉತ್ತರ: ತಂಗೀ, ನಿಮ್ಮ ಸಿಟ್ಟು ನ್ಯಾಯವಾದದ್ದು. ಅಲ್ಲಿ ಗುಂಪಿನ ಒತ್ತಡಕ್ಕೆ ಮಣಿದವರು ಯಾರು ನೋಡಿ, ಆ ಹೆಣ್ಣುಮಗಳಲ್ಲ, ಹೇಳಿ ಕಳಿಸಿದ ದೊಡ್ಡವರು. ಒಬ್ಬ ಪ್ರಭಾವಿ ಮನುಷ್ಯ ಮುನಿಸಿಕೊಂಡಾನು ಅನ್ನೋ ಭಯಕ್ಕೆ ಸ್ಟೀರಿಂಗ್ ಕೊಟ್ಟುಬಿಟ್ರು. ಅಂತಿಯೋಕ್ಯದಲ್ಲಿ ಪೇತ್ರ ಮಾಡಿದ್ದೂ ಇದೇ, ಯೆರೂಸಲೇಮಿನಿಂದ ದೊಡ್ಡವರು ಬಂದ ಕೂಡ್ಲೇ ಯೆಹೂದ್ಯರಲ್ಲದ ಅನ್ಯಜನರ ಪಂಕ್ತಿಯಿಂದ ಎದ್ದು ಹೋದ, ಪೌಲ ಎಲ್ಲರ ಮುಂದೆ ಕೇಳಿದ.

ಅಳು ಬಂತು ಅಂದ್ರೆ ದೂರು ಸುಳ್ಳು ಅಂತ ಅಲ್ಲ. ನೆಹೆಮೀಯ 5 ನೋಡಿ. ಯೆರೂಸಲೇಮಿನ ಗೋಡೆ ಕಟ್ಟಿಸ್ತಿದ್ದ ನೆಹೆಮೀಯನ ಹತ್ರ, ಆ ತುರ್ತಿನ ನಡುವೆ ಬಡವರೂ ಅವರ ಹೆಂಡಂದಿರೂ ಗೋಳಿಟ್ಟು ಬಂದ್ರು, ಸಾಲಕ್ಕೆ ಹೊಲ ಹೋಗಿದೆ, ಮಕ್ಕಳು ಜೀತಕ್ಕೆ ಹೋಗಿದಾರೆ ಅಂತ. ಈಗ ಟೈಮಿಲ್ಲ, ಒಗ್ಗಟ್ಟು ಮುಖ್ಯ ಅಂತ ನೆಹೆಮೀಯ ಅನ್ನಬಹುದಿತ್ತು. ಅನ್ನಲಿಲ್ಲ. ಅವನಿಗೆ ಕೆಂಡದಂಥ ಸಿಟ್ಟು ಬಂತು, ಮನಸ್ಸಲ್ಲೇ ಯೋಚನೆ ಮಾಡಿದ, ಆಮೇಲೆ ಶ್ರೀಮಂತರನ್ನೇ ಮಹಾಸಭೆ ಮುಂದೆ ನಿಲ್ಲಿಸಿದ, ತಾನೂ ತನ್ನ ಅಣ್ಣತಮ್ಮಂದಿರೂ ಸಾಲ ಕೊಟ್ಟಿದೀವಿ, ಅದನ್ನೂ ಬಿಟ್ಟೆವು ಅಂದ. ಇದೇ ನೆಹೆಮೀಯನಿಗೆ, ಗೋಡೆ ಕೆಲಸ ನಿಲ್ಲಿಸಬೇಕು ಅಂತಿದ್ದ ವಿರೋಧಿ ಸನ್ಬಲ್ಲಟ ನಾಲ್ಕು ಸಲ ಓನೋ ಬಯಲಿಗೆ ಬಾ ಮಾತಾಡೋಣ ಅಂತ ಹೇಳಿ ಕಳಿಸಿದಾಗ, ದೊಡ್ಡ ಕೆಲಸದಲ್ಲಿದೀನಿ ಬರಕ್ಕಾಗಲ್ಲ ಅಂತ ನಾಲ್ಕು ಸಲಾನೂ ಒಂದೇ ಉತ್ತರ ಕೊಟ್ಟ. ಒಂದು ಕೂಗಿಗೆ ಕೆಲಸ ನಿಲ್ಲಿಸಿ ಕಿವಿ ಕೊಟ್ಟ, ಇನ್ನೊಂದಕ್ಕೆ ಕದಲಲಿಲ್ಲ. ಬಲ ಇಲ್ಲದವರು ನ್ಯಾಯ ಕೇಳ್ತಿದಾರಾ, ಬಲ ಇರೋರು ತಮ್ಮ ಅನುಕೂಲ ಉಳಿಸ್ಕೊಳ್ಳೋಕೆ ಕೂಗ್ತಿದಾರಾ, ಇದನ್ನ ನೋಡದ ಗಟ್ಟಿತನ ಕಲ್ಲಿಗೂ ಇರತ್ತೆ.

ಆ ಹೆಣ್ಣುಮಗಳ ಜೊತೆ ನೀವು ನಿಲ್ಲಿ. ದೂರು ಬರವಣಿಗೇಲಿ ಇರ್ಲಿ, ತಾರೀಖು ಹಾಕಿ, ಡಯಾಸಿಸ್ ಆಫೀಸಿಗೆ (ಬಿಷಪ್ಪರ ಆಫೀಸಿಗೆ) ಒಂದು ಪ್ರತಿ ಹೋಗ್ಲಿ, ಅಪರಾಧ ಅನಿಸಿದ್ರೆ ಪೊಲೀಸರಿಗೆ ಹೋಗೋಕೆ ಸಭೆಯ ಅಪ್ಪಣೆ ಬೇಕಾಗಿಲ್ಲ. ಮಕ್ಕಳ ವಿಷಯ ಆದ್ರಂತೂ 2012ರ ಪೋಕ್ಸೊ ಕಾಯಿದೆ ಪ್ರಕಾರ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದೇ ಇರೋದೇ ಅಪರಾಧ, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದ್ರೂ ಫೋನ್ ಮಾಡಬಹುದು. ಇದನ್ನ ಓದ್ತಿರೋ ಸಭಾಪಾಲಕರೂ ಇದನ್ನ ತಿಳ್ಕೊಂಡಿರಬೇಕು.

ಪ್ರಶ್ನೆ: ನಾಯಕ ಆದವನು ಅಳಬಾರದಾ ಅಯ್ಯನೋರೇ?

ಉತ್ತರ: ಅಳಬಹುದು. ಮಾರ್ಥಾ ಮರಿಯರು ತಮ್ಮ ಸಹೋದರ ಲಾಜರನಿಗೆ ಹುಷಾರಿಲ್ಲ ಅಂತ ಹೇಳಿ ಕಳಿಸಿದ್ರೂ ಯೇಸು ಇದ್ದ ಕಡೆಯೇ ಎರಡು ದಿನ ನಿಂತ್ರು, ಆಮೇಲೆ ಅವನು ತೀರಿಕೊಂಡ ಮನೆಗೆ ಹೋಗಿ ಅತ್ತವರ ಜೊತೆ ಅತ್ರು. ಹೋಗೋದು ಯಾವಾಗ ಅಂತ ತೀರ್ಮಾನ ಮಾಡಿದ್ದು ತಂದೆಯ ಚಿತ್ತ, ಮಾರ್ಥಾ ಮರಿಯರ ಕಣ್ಣೀರಲ್ಲ, ಹಾಗಂತ ಕಣ್ಣೀರನ್ನ ತಡೀಲೂ ಇಲ್ಲ.

ಪ್ರಶ್ನೆ: ಸಭೇಲಿ ಅರ್ಧ ಜನ ನನ್ನ ಹತ್ರ ಮಾತಾಡ್ತಿಲ್ಲ. ಟ್ರಾನ್ಸ್‌ಫರ್ ಕೇಳಿಬಿಡ್ಲಾ?

ಉತ್ತರ: ನನ್ನಂಥವನು ಓಡಿ ಹೋಗೋದಾ ಅಂತ ನೆಹೆಮೀಯ ಕೇಳಿದ್ದು ನಿಜ, ಆದ್ರೆ ಗೋಡೆ 52 ದಿನಕ್ಕೆ ಮುಗೀತು, ಮುಂದೆ ಅವನು ರಾಜನ ಹತ್ರ ವಾಪಸ್ಸೂ ಹೋದ. ಹೋಗೋದು ಪಾಪ ಅಲ್ಲ. ಹಿಡಿದ ಕೆಲಸ ಇನ್ನೊಬ್ಬರು ಮುಂದುವರಿಸೋ ಹಂತಕ್ಕೆ ಬಂದಿದೆಯಾ ನೋಡಿ, ನಿಮ್ಮ ಸಭೆಗೆ ಸಂಬಂಧ ಇಲ್ಲದ ಒಬ್ಬ ಹಿರಿಯ ಸಭಾಪಾಲಕರ ಹತ್ರ ಪೂರ್ತಿ ಹೇಳ್ಕೊಳ್ಳಿ, ಮನೆಯವರನ್ನೂ ಕೇಳಿ, ನಿದ್ದೆ ಊಟ ಬಿಟ್ಟು ಆರೋಗ್ಯ ಕೆಡ್ತಿದ್ರೆ ಮೊದಲು ಡಾಕ್ಟರ ಹತ್ರ ಹೋಗಿ. ಆಮೇಲೂ ಟ್ರಾನ್ಸ್‌ಫರಿಗೆ ಬರೀಬೇಕು ಅನಿಸಿದ್ರೆ ಬರೀರಿ, ಕಮಿಟಿ ಮೀಟಿಂಗ್ ಮುಗಿಸಿ ಬಂದ ರಾತ್ರಿ ಮಾತ್ರ ಬೇಡ.